ಒಂದು ಗುಟುಕು ಸಮುದ್ರ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಬೆರಳ ತುದಿ ನುಣ್ಣಗೆ, ಬೆಳ್ಳಗೆ ಇರುತ್ತಿತ್ತು. ಉಗುರಿನ ಸುತ್ತ ಮಾತ್ರ ಸಿಪ್ಪೆ ಎದ್ದಿರುತ್ತಿತ್ತು. ಸತ್ತ ಪ್ರಾಣಿಗಳು ಕೊಳೆಯದಿರಲೆಂದು ಜಾರುಗಳಿಗೆ ತುಂಬುವ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಬರಿಗೈ ಅದ್ದಿದ್ದರ ಫಲ. ಕಾಲೇಜಿಗೆ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ಇವರೊಬ್ಬರನ್ನು ಬಿಟ್ಟು. ಬೆರಳನ್ನು ಪ್ಯಾಂಟಿಗೆ ಉಜ್ಜುವರು, ಊದುವರು, ಮತ್ತೆ ಇಡುವರು. ಯಂತ್ರ ಕೆಂಪು ದೀಪ ತೋರಿಸಿ ಕೀಂ ಎನ್ನುವುದು. ಕೊನೆಗೆ ಆಫೀಸಿನ ಗುಮಾಸ್ತರತ್ತ ತಿರುಗಿ, "ನಾನು ಬಂದಿದೀನಿ ಅಂತ ನೀವಾದ್ರೂ ನಂಬ್ತೀರಲ್ಲಪ್ಪ, ಅಷ್ಟು ಸಾಕು" ಎಂದು ಸಹಿ ಹಾಕಿ ಒಳಗೆ ಹೋಗುವರು.

ಎದುರಿಗೆ ಅವರು ಸರ್, ಬೆನ್ನ ಹಿಂದೆ ನಮಗೆಲ್ಲ ಮೇಷ್ಟ್ರು. ಭದ್ರಾವತಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ದಿನಾ ಬಸ್ಸಿನ ಓಡಾಟ. ನಾನು ಓಲ್ಡ್ ಟೌನ್‌ನ ಕಿರಾಣಿ ಅಂಗಡಿಯವರ ಮಗಳು. ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ, ಈಗ ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಕೂರುವವಳು. ಸಮುದ್ರವೇ ಕಾಣದ ಊರಿನಲ್ಲಿ ಸಮುದ್ರದ ಪಾಠ. ಹೇಳುವವರೂ ಕೇಳುವವಳೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮೊಟ್ಟೆಯನ್ನೂ ಮುಟ್ಟದ ಮನೆಯವರು. ಏಡಿಯ ಒಂದೊಂದು ಕಾಲಿನ ಕೆಲಸ ವಿವರಿಸಬಲ್ಲ ಆ ಮನುಷ್ಯನಿಗೆ ಏಡಿಯ ರುಚಿ ಗೊತ್ತಿರಲಿಲ್ಲ. ಕರಾವಳಿ ಪ್ರವಾಸದಲ್ಲಿ ಹುಡುಗರು ಬಂಗುಡೆ ಫ್ರೈ ಮುಂದೆ ಕೂತರೆ ಇವರು ಹೋಟೆಲಿನ ಮೂಲೆಯಲ್ಲಿ ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುವರು. "ಸರ್, ಒಂದೇ ಒಂದು ಪೀಸ್?" ಎಂದು ಯಾರಾದರೂ ಕೆಣಕಿದರೆ, "ತಿನ್ನೋದು ನಿಮ್ಮ ಕೆಲಸ, ಹೆಸರು ಹೇಳೋದು ನಂದು. ಎಲ್ಲಿ, ಅದರ ಸೈಂಟಿಫಿಕ್ ನೇಮ್ ಹೇಳಿ ಆಮೇಲೆ ಬಾಯಿಗಿಡಿ ನೋಡೋಣ" ಎನ್ನುವರು. ಕೆಣಕಿದವನು ತಲೆ ತಗ್ಗಿಸಿ ತಿನ್ನುತ್ತಿದ್ದ.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: "ಆತುರ ಬೇಡ, ನೀರು ಬರುತ್ತೆ." ರಿಸಲ್ಟ್ ತಡವಾಗಿ ಹುಡುಗಿಯೊಬ್ಬಳು ಅಳುತ್ತಿದ್ದರೂ ಇದೇ ಮಾತು, ಬಸ್ಸು ಕೆಟ್ಟು ಎಲ್ಲರೂ ರಸ್ತೆಯಲ್ಲಿ ನಿಂತಿದ್ದರೂ ಇದೇ ಮಾತು. ನನಗೆ ಬಂದ ಸಂಬಂಧಗಳೆಲ್ಲ ಒಂದರ ಹಿಂದೊಂದು ತಪ್ಪಿಹೋಗುತ್ತಿದ್ದಾಗ ಅಂಗಡಿಯ ಕಟ್ಟೆ ಮೇಲೆ ಕೂತು ನನ್ನ ಅಪ್ಪನಿಗೂ ಇದನ್ನೇ ಹೇಳಿ ಹೋಗಿದ್ದರು. "ನಿಮ್ಮ ಮೇಷ್ಟ್ರಿಗೆ ತಲೆ ಸರಿ ಇದೆಯೇನೇ?" ಎಂದು ಅಪ್ಪ ನನ್ನನ್ನು ಕೇಳಿದ್ದ.

ಆ ಮಾತು ಎಲ್ಲಿಂದ ಬಂತೆಂದು ಗೊತ್ತಾಗಬೇಕಾದರೆ ಅವರ ಬಂಡೆಗೆ ಹೋಗಬೇಕು. ಕುಮಟೆಯ ಆಚೆ, ಬಸ್ಸು ಸೀದಾ ಮರಳಿನ ಅಂಚಿನವರೆಗೂ ಹೋಗುವ ಒಂದು ಜಾಗ. ಇಳಿತದ ಹೊತ್ತಿಗೆ ಸಮುದ್ರ ಹಿಂದೆ ಸರಿದರೆ ಕರಿ ಬಂಡೆಗಳ ಸಾಲೊಂದು ಮೇಲೇಳುತ್ತದೆ. ಪ್ರತಿ ವರ್ಷ ಕೊನೆಯ ವರ್ಷದ ಹುಡುಗರನ್ನು ಕಟ್ಟಿಕೊಂಡು ಅಲ್ಲಿಗೇ ಹೋಗುವುದು ನಮ್ಮ ವಿಭಾಗದ ಪದ್ಧತಿ. ಘಟ್ಟ ಇಳಿಯುವಾಗ ಅರ್ಧ ಬಸ್ಸು ವಾಂತಿ, ಅರ್ಧ ಬಸ್ಸು ಅಂತ್ಯಾಕ್ಷರಿ. ನಮ್ಮ ಬ್ಯಾಚಿನ ಸರದಿ ಬಂದಾಗ ನಾನು ವಾಂತಿಯ ಪಾಳಿಯವಳು. ಬಂಡೆ ತಲುಪುವಾಗ ನೆತ್ತಿ ಸುಡುವ ಬಿಸಿಲು. ಮೇಷ್ಟ್ರು ಪ್ಯಾಂಟನ್ನು ಒಂದು ಕಾಲಿಗೆ ಮೇಲಕ್ಕೆ, ಇನ್ನೊಂದಕ್ಕೆ ಕೆಳಕ್ಕೆ ಮಡಚಿ, ತಲೆಗೆ ಟವಲ್ ಕಟ್ಟಿ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ಇಲ್ಲಿ ಕೈ ಇಡಮ್ಮ," ಎಂದರು ನನಗೆ. ಇಟ್ಟೆ. ರೊಟ್ಟಿ ಹೆಂಚು ಮುಟ್ಟಿದ ಹಾಗಾಯಿತು. ಅಯ್ಯಯ್ಯೋ ಎಂದು ಕೈ ಎಳೆದುಕೊಂಡೆ. ಹುಡುಗರು ನಕ್ಕರು. ಅದೇ ಬಂಡೆಗೆ ಪುಟ್ಟ ಟೋಪಿಯಂಥ ಚಿಪ್ಪುಗಳು ಅಂಟಿಕೊಂಡಿದ್ದವು. ಲಿಂಪೆಟ್ ಅಂತ ಪುಸ್ತಕದ ಹೆಸರು. ಮೇಷ್ಟ್ರು ಕರೆಯುತ್ತಿದ್ದುದು ಟೋಪಿರಾಯ ಎಂದು.

"ನಿನ್ನ ಕೈಯಲ್ಲಿ ಒಂದು ಗಳಿಗೆ ಆಗ್ಲಿಲ್ಲ. ಇವನು ನೀರು ವಾಪಸ್ ಬರೋ ತನಕ ಇಲ್ಲೇ ಕೂತಿರ್ತಾನೆ. ಹೆಂಗೆ ಹೇಳಿ? ಚಿಪ್ಪನ್ನ ಬಂಡೆಗೆ ಒತ್ತಿ ಹಿಡಿದಿದಾನೆ. ಒಳಗಡೆ ಒಂದು ಗುಟುಕು ಸಮುದ್ರ ಇಟ್ಕೊಂಡಿದಾನೆ. ಅಷ್ಟರಲ್ಲೇ ಮೈ ತಂಪು, ಅಷ್ಟರಲ್ಲೇ ಉಸಿರು. ಗಾಬರಿಯಾಗಿ ಈಗ ಎದ್ದು ಹೊರಟ ಅಂದ್ರೆ ಒಣಗಿ ಸತ್ತ. ಅದಕ್ಕೇ ಆತುರ ಇಲ್ಲ. ನೀರು ಬರುತ್ತೆ ಅಂತ ಅವನಿಗೆ ಗೊತ್ತು."

ನೀರು ಬಂದ ಮೇಲೆ ಆ ಪ್ರಾಣಿ ಪಾಚಿ ಮೇಯುತ್ತಾ ಅತ್ತಿತ್ತ ಹೋಗಿ, ನೀರು ಇಳಿಯುವ ಮುಂಚೆ ತನ್ನ ಜಾಗಕ್ಕೇ ಬಂದು ಕೂರುತ್ತದೆ ಎಂದರು. ಆ ಚಿಪ್ಪಿನ ಅಂಚು ಬೆಳೆದಿರುವುದೇ ಬಂಡೆಯ ಆ ಒಂದು ಜಾಗದ ಏರುತಗ್ಗಿಗೆ ಸರಿಯಾಗಿ. ಬೇರೆ ಕಡೆ ಕೂರಿಸಿದರೆ ಸಂದು ಉಳಿಯುತ್ತದೆ, ಒಳಗಿನ ಗುಟುಕು ಸೋರಿಹೋಗುತ್ತದೆ. ನಮಗೆಲ್ಲ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟಾದ ಮೇಲೆ ಮೇಷ್ಟ್ರು ಎದ್ದು, ಕೈ ತಟ್ಟಿ, "ಸರಿ, ಎಲ್ಲರೂ ಸ್ಕ್ರೂಡ್ರೈವರ್ ತಗೊಳಿ," ಎಂದರು. ನಾವು ತೆಗೆದುಕೊಂಡೆವು. ಆ ಎರಡು ಮಾತಿನ ನಡುವೆ ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ.

ಯಾಕೆಂದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಸಬ್‌ಮಿಷನ್ ಇತ್ತು. ಪ್ರತಿಯೊಬ್ಬರೂ ಕಡಲ ಪ್ರಾಣಿಗಳನ್ನು ತಂದು, ಫಾರ್ಮಲಿನ್ ತುಂಬಿದ ಜಾರಿನಲ್ಲಿ ಇಳಿಸಿ, ಲೇಬಲ್ ಅಂಟಿಸಿ ಒಪ್ಪಿಸಬೇಕು, ಅದಕ್ಕೆ ಮಾರ್ಕ್ಸ್. ಲಿಂಪೆಟ್ ಕಿತ್ತೆವು, ನಕ್ಷತ್ರಮೀನು ಹಿಡಿದೆವು, ಬಿರುಕಿನಲ್ಲಿ ಅಡಗಿದ್ದ ಸೀ ಅರ್ಚಿನ್‌ಗಳನ್ನು ಮೀಟಿ ತೆಗೆದೆವು. ಸೀ ಅರ್ಚಿನ್ ಅಂದರೆ ಮೈಯೆಲ್ಲ ಮುಳ್ಳಿರುವ ಕರಿ ಉಂಡೆ, ಜೀವಂತ ಇದ್ದಾಗ ಆ ಮುಳ್ಳುಗಳು ಒಂದೊಂದಾಗಿ ಅಲ್ಲಾಡುತ್ತಿರುತ್ತವೆ. ದೊಡ್ಡದು ಸಿಕ್ಕವರಿಗೆ ಮೇಷ್ಟ್ರ ಶಹಬ್ಬಾಸ್. ನನ್ನದು ಅಮ್ಮನ ಉಪ್ಪಿನಕಾಯಿ ಜಾಡಿಯಲ್ಲಿ ಹೋಯಿತು. ಮನೆಯಲ್ಲಿ ಅಜ್ಜಿ ಹೊಸ್ತಿಲಿಗೆ ನೀರು ಹಾಕಿ ಒಳಗೆ ಬಿಟ್ಟುಕೊಂಡಳು, ಅಮ್ಮ ಜಾಡಿಯ ಆಸೆ ಬಿಟ್ಟಳು. ನನಗೆ ಪೂರ್ತಿ ಮಾರ್ಕ್ಸ್ ಬಂತು. ಜಾರು ಕಾಲೇಜಿನ ಮ್ಯೂಸಿಯಂನ ಗೂಡು ಸೇರಿತು. ಆ ಮ್ಯೂಸಿಯಂ ಮೇಷ್ಟ್ರ ಹೆಮ್ಮೆ. ಬೇರೆ ಕಾಲೇಜುಗಳವರು ನೋಡಲು ಬರುತ್ತಿದ್ದರು.

ನಾನು ಅವರ ಜೊತೆ ಪಾಠ ಹೇಳಲು ಸೇರಿದ ಹೊತ್ತಿಗೆ ಬಂಡೆ ಬಡವಾಗಿತ್ತು. ಹುಡುಗರು ಇಡೀ ಮಧ್ಯಾಹ್ನ ಹುಡುಕಿದರೂ ಅರ್ಚಿನ್ ಸಿಗುತ್ತಿರಲಿಲ್ಲ. ಬೀಚಿನ ಅಂಗಡಿಯಿಂದ ಒಣ ಚಿಪ್ಪು ಕೊಂಡು ಸಬ್‌ಮಿಟ್ ಮಾಡುವವರಿದ್ದರು. ಮೇಷ್ಟ್ರ ಹತ್ತಿರ ಕಾರಣ ಸಿದ್ಧವಿತ್ತು. ಬೇಸಿಗೆಗಳು ಮೊದಲಿನ ಹಾಗಿಲ್ಲ, ಸಮುದ್ರವೇ ಕಾಯುತ್ತಿದೆ. ಮಳೆ ಬಿದ್ದರೆ ಒಂದೇ ಸಲ ದಬದಬ ಬಿದ್ದು ಹೊಳೆಗಳ ಸಿಹಿನೀರು ದಡಕ್ಕೆ ನುಗ್ಗಿ ಉಪ್ಪು ತೆಳುವಾಗುತ್ತದೆ. ಇದೆಲ್ಲ ನಿಜವೇ. ಶಿವಮೊಗ್ಗದಲ್ಲಿ ಒಂದು ಸೆಮಿನಾರಿನಲ್ಲಿ ಅವರು ಇದನ್ನೇ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಬಿಸಿಲು, ಮಳೆ, ಅಲೆ ಎಲ್ಲಾ ತಡ್ಕೊಂಡು ಬಂದ ಜೀವಗಳು ಇವು. ಇವುಗಳನ್ನ ಕೊಲ್ಲೋದು ಸುಲಭ ಅಲ್ಲ. ನಾವು ಮನುಷ್ಯರು ಅದನ್ನೂ ಮಾಡಿ ತೋರಿಸಿದೀವಿ," ಎಂದು ಮುಗಿಸಿದ್ದರು. ನಾವು ಮನುಷ್ಯರು ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಫ್ಯಾಕ್ಟರಿಗಳವರು, ಕಾರಿನವರು, ಯಾರೋ ಬೇರೆಯವರು. ನನ್ನ ಮನಸ್ಸಿನಲ್ಲೂ ಅವರೇ.

ಒಂದು ವರ್ಷ ಕಾಲೇಜಿಗೆ ತಪಾಸಣೆ ಸಮಿತಿ ಬರುವುದಿತ್ತು. ಮ್ಯೂಸಿಯಂ ಒರೆಸಿ, ಇಂಗಿದ ಜಾರುಗಳಿಗೆ ಫಾರ್ಮಲಿನ್ ತುಂಬುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಗೂಡುಗಳಲ್ಲಿ ಅಡ್ಡಾದಿಡ್ಡಿ ಇದ್ದದ್ದನ್ನು ಉದ್ದನೆಯ ಮೇಜಿನ ಮೇಲೆ ಬ್ಯಾಚಿನ ಪ್ರಕಾರ ಜೋಡಿಸಿದೆ. ಹಾಗೆ ಜೋಡಿಸಿದ್ದು ಅದೇ ಮೊದಲು. ಮೊದಲ ಬ್ಯಾಚುಗಳ ಅರ್ಚಿನ್ ಮೂಸಂಬಿ ಗಾತ್ರ. ಆಮೇಲಿನವು ನಿಂಬೆಹಣ್ಣು. ನಮ್ಮ ಬ್ಯಾಚಿನದು, ಅಮ್ಮನ ಜಾಡಿಯಲ್ಲಿದ್ದದ್ದು, ಹಸಿ ಅಡಿಕೆಯಷ್ಟು. ಮೇಜಿನ ಆ ತುದಿಯಲ್ಲಿ ಬರೀ ಕೊಂಡುತಂದ ಚಿಪ್ಪುಗಳು. ಮೇಷ್ಟ್ರು ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು.

"ಬಿಸಿಲು ಸರ್," ಎಂದೆ ನಾನು, ಅವರ ಪಾಠವನ್ನೇ ಅವರಿಗೆ ಒಪ್ಪಿಸುತ್ತ.

"ಹೂಂ," ಎಂದರು. ಜಾರೊಂದನ್ನು ಎತ್ತಿ ನೋಡಿ ಕೆಳಗಿಟ್ಟು, "ನಮ್ಮ ಬಂಡೆ ಪಕ್ಕದ ಹಳ್ಳದ ಆಚೆ ಇನ್ನೊಂದು ಬಂಡೆಸಾಲು ಇದೆ, ಗೊತ್ತಾ? ಕೆಸರು ದಾಟಬೇಕು, ಬಸ್ಸು ಹೋಗಲ್ಲ ಅಂತ ಯಾವತ್ತೂ ಹುಡುಗರನ್ನ ಕರ್ಕೊಂಡು ಹೋಗಿಲ್ಲ. ಒಂದ್ಸಲ ನೋಡ್ಬೇಕು," ಎಂದರು.

ಅವರ ಮನೆಯವರು, ನಾನು ಅಮ್ಮ ಎಂದೇ ಕರೆಯುವವರು, ಗೋಕರ್ಣಕ್ಕೆ ಹೋಗಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದರು. ಅದೇ ನೆಪದಲ್ಲಿ ಮೂವರೂ ಹೊರಟೆವು. ದರ್ಶನ ಮುಗಿಸಿ, ಅಮ್ಮನನ್ನು ಒಂದು ಮರದ ನೆರಳಲ್ಲಿ ಬ್ಯಾಗುಗಳ ಜೊತೆ ಕೂರಿಸಿ, ನಾನೂ ಮೇಷ್ಟ್ರೂ ಹಳ್ಳ ದಾಟಿದೆವು. ಮೊಣಕಾಲು ಮುಳುಗುವ ಕೆಸರು. ನನ್ನ ಒಂದು ಚಪ್ಪಲಿ ಅಲ್ಲೇ ಹೋಯಿತು.

ಆಚೆಯ ಬಂಡೆ ಹತ್ತಿದ ಮೇಲೆ ನಾನು ಮೊದಲು ಕೂಗಿದ್ದು ಸಂತೋಷಕ್ಕೆ. ಬಿರುಕು ಬಿರುಕಿನಲ್ಲೂ ಅರ್ಚಿನ್‌ಗಳು, ಮುಳ್ಳಾಡಿಸುತ್ತ ಕೂತಿದ್ದವು. ಬಂಡೆಯ ಗುಂಡಿಗಳ ನೀರಿನಲ್ಲಿ ನಕ್ಷತ್ರಮೀನು, ಪುಟ್ಟ ಏಡಿ, ಒಬ್ಬರ ಮೇಲೊಬ್ಬರು ಬಿದ್ದಂತೆ ಟೋಪಿರಾಯರು. "ಸರ್, ಇಲ್ಲಿ ನೋಡಿ! ಸರ್, ಇಲ್ಲಿ!" ಎಂದು ಮಗುವಿನ ಹಾಗೆ ಓಡಾಡಿದೆ. ತಿರುಗಿ ನೋಡಿದರೆ ಮೇಷ್ಟ್ರು ಬಂಡೆಯ ಮೇಲೆ ಕೂತುಬಿಟ್ಟಿದ್ದರು. ಹಳ್ಳದ ಆಚೆಗೆ, ನಮ್ಮ ಬೋಳು ಬಂಡೆಯ ಕಡೆಗೆ ನೋಡುತ್ತಿದ್ದರು. ಕೂಗಿದರೆ ಕೇಳುವಷ್ಟೇ ದೂರ.

"ಅಲ್ಲಿಗೂ ಇದೇ ಬಿಸಿಲು ಅಲ್ವೇನಮ್ಮ?" ಎಂದರು.

ನಾನು ಹತ್ತಿರ ಹೋಗಿ ಆ ಬೋಳು ಬಂಡೆಯತ್ತ ನೋಡಿದೆ.

"ಇದೇ ಮಳೆ. ಇದೇ ನೀರು. ಬಿಸಿಲಿಗೆ ಸಾಯ್ಲಿಲ್ಲ, ಮಳೆಗೆ ಸಾಯ್ಲಿಲ್ಲ. ನನ್ನ ಪ್ರಾಕ್ಟಿಕಲ್ ಪರೀಕ್ಷೆಗೆ ಸತ್ತವು." ಅವರ ದನಿ ಏರಲಿಲ್ಲ. "ಬಿಸಿಲು ಎಷ್ಟೇ ಸುಟ್ಟರೂ ಅಷ್ಟಿಷ್ಟು ಮರಿಗಳನ್ನ ಬಿಟ್ಟು ಹೋಗುತ್ತೆ. ನಾವು ಯಾವುದನ್ನ ಬಿಟ್ವಿ? ದೊಡ್ಡದು ತಂದೋರಿಗೆ ಶಹಬ್ಬಾಸ್ ಅಂದೆ. ಮೊಟ್ಟೆ ಇಡೋದು ದೊಡ್ಡವೇ. ಇದನ್ನ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟೋನು ನಾನೇ."

ಟವಲ್ಲನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸಂತೋಷಕ್ಕೆ ಕೂಗಾಡಿದ್ದೆನಲ್ಲ, ಅದು ನೆನಪಾಗಿ ಮುಖ ಬಿಸಿಯಾಯಿತು. ಇಬ್ಬರೂ ಕೆಸರು ದಾಟಿ ವಾಪಸು ಬಂದೆವು. "ಏನು, ಏನಾಯ್ತು, ಬಿದ್ರಾ?" ಎಂದು ಅಮ್ಮ ಕೇಳಿದರು. "ಹೂಂ ಕಣೆ, ಬಿದ್ದೆ," ಎಂದರು ಮೇಷ್ಟ್ರು.

ಮುಂದಿನ ಬ್ಯಾಚಿಗೆ ಅವರು ಸಬ್‌ಮಿಷನ್ ನಿಲ್ಲಿಸಿದರು. ಪ್ರವಾಸದಲ್ಲಿ ಯಾರೂ ಏನನ್ನೂ ಕೀಳುವಂತಿಲ್ಲ, ಕಲ್ಲೆತ್ತಿ ನೋಡಿದರೆ ಇದ್ದ ಹಾಗೇ ಮುಚ್ಚಿಡಬೇಕು. ಹುಡುಗರಿಗೆ ಒಳಗೊಳಗೇ ಖುಷಿ, ಜಾರಿನ ಕೆಲಸ ತಪ್ಪಿತು ಎಂದು. ಜಗಳ ಬಂದದ್ದು ಕಾಲೇಜಿನ ಹಿರಿಯರಿಂದ: ಹಿಂದಿನಿಂದ ನಡೆದುಬಂದದ್ದನ್ನು ತಪ್ಪಿಸುವುದೆಂದರೇನು, ಮಾರ್ಕ್ಸ್ ಯಾವುದಕ್ಕೆ ಕೊಡುವುದು? ಮೇಷ್ಟ್ರು ಅವರ ಮುಂದೆ ಕೈಮುಗಿದು ನಿಂತು ಹಿಡಿದ ಪಟ್ಟು ಬಿಡಲಿಲ್ಲ. ಅಲ್ಲಿಂದಾಚೆ ಅವರಿಗೆ ಉಳಿದದ್ದು ಒಂದೇ ಆಸೆ. ಆ ಬೋಳು ಬಂಡೆಗೆ ಒಂದಾದರೂ ಅರ್ಚಿನ್ ತಾನಾಗಿ ವಾಪಸು ಬರಬೇಕು, ಅದನ್ನು ತಾವಿರುವಾಗಲೇ ಕೇಳಬೇಕು. ಆಚೆಯ ಬಂಡೆಯಿಂದ ಮರಿಗಳು ನೀರಿನಲ್ಲಿ ತೇಲಿ ಬರುತ್ತವೆ, ಜಾಗ ಒಪ್ಪಿದರೆ ಕೂರುತ್ತವೆ, ಬಿಟ್ಟರೆ ಬದುಕುತ್ತವೆ ಎಂದು ನನಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು.

ಅವರ ನಿವೃತ್ತಿಯ ದಿನ ಬೀಳ್ಕೊಡುಗೆ ಜೋರಾಗಿ ನಡೆಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೆಲ್ಲ ಮ್ಯೂಸಿಯಂ ಹೊಗಳಿದರು. ಕೊನೆಗೆ ಪ್ರಿನ್ಸಿಪಾಲರು ಪರದೆ ಎಳೆದರೆ, ಮ್ಯೂಸಿಯಂ ಬಾಗಿಲಿಗೆ ಹಾಕಲು ಮಾಡಿಸಿದ ಬೋರ್ಡು, ಅದರ ಮೇಲೆ ಮೇಷ್ಟ್ರ ಹೆಸರು. ಅವರು ಮೈಕಿನ ಮುಂದೆ ಬಂದರು, ಪೇಟ ಒಂದು ಕಡೆ ವಾಲಿತ್ತು.

"ನನ್ನ ಹೆಸರು ಬೇಡ. ಅಲ್ಲಿರೋ ಒಂದೊಂದು ಜೀವವನ್ನೂ ನಾನೇ ನಿಂತು ಕೊಲ್ಲಿಸಿದೀನಿ. ಒಂದು ಬಂಡೇನ ಬೋಳು ಮಾಡಿದೀನಿ. ಇದಕ್ಕೆ ಶಾಲು ಹೊದಿಸ್ಬೇಡಿ, ದಮ್ಮಯ್ಯ."

ಪ್ರಿನ್ಸಿಪಾಲರು ಮೈಕಿಗೆ ಬಗ್ಗಿ, "ನೋಡಿ, ಎಂಥಾ ದೊಡ್ಡ ಗುಣ! ಎಂಥಾ ವಿನಯ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕೈಗಳೂ ತಟ್ಟುತ್ತಿದ್ದವು. ಮೇಷ್ಟ್ರು ಆ ಕೈಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಬೋರ್ಡು ಈಗಲೂ ಬಾಗಿಲ ಮೇಲಿದೆ. ತೆಗೆಸೋಣವೆಂದು ಆಮೇಲೆ ನಾನು ಕೇಳಿದರೆ, ಅವರ ಮನೆಯವರಿಗೆ ಬೇಜಾರಾಗುತ್ತದೆ, ಸುಮ್ಮನಿರಿ ಎಂದರು ಪ್ರಿನ್ಸಿಪಾಲರು. ದಿನಾ ಅದರ ಕೆಳಗೇ ಒಳಗೆ ಹೋಗುತ್ತೇನೆ.

ಆಮೇಲೆ ಮೇಷ್ಟ್ರು ಆ ದಡಕ್ಕೆ ಹೋಗಲೇ ಇಲ್ಲ. ಕರೆದರೆ, "ಯಾವ ಮುಖ ಇಟ್ಕೊಂಡು ಬರ್ಲಿ? ನೀನು ಹೋಗಿ ಬಾ, ಬಂದು ಹೇಳು," ಎನ್ನುವರು. ನಾನು ಮದುವೆಯಾಗಿ ಸವಳಂಗ ರಸ್ತೆಯ ಕಡೆ ಬಂದಿದ್ದೆ, ವಿನೋಬನಗರ ದೂರವಿರಲಿಲ್ಲ. ಪ್ರತಿ ಪ್ರವಾಸದ ಮರುದಿನ ಅವರ ಮನೆಗೆ ಹೋಗುವುದು ರೂಢಿಯಾಯಿತು. ಜಗಲಿಯ ಕುರ್ಚಿಯಲ್ಲಿ ಕೂತಿರುವರು. ಅಮ್ಮ ಕಾಫಿ ತರುವ ಮುಂಚೆಯೇ ಪ್ರಶ್ನೆ.

"ಏನಾದ್ರೂ ಬಂತಾ?"

"ಟೋಪಿರಾಯರು ಜಾಸ್ತಿ ಆಗಿದಾರೆ ಸರ್. ಪಾಚಿ ಚೆನ್ನಾಗಿದೆ."

"ಅರ್ಚಿನ್?"

"ಇನ್ನೂ ಇಲ್ಲ ಸರ್."

"ಹೂಂ. ಆತುರ ಬೇಡ, ನೀರು ಬರುತ್ತೆ." ಮೊದಲು ನಮಗೆಲ್ಲ ಧೈರ್ಯ ಕೊಡುತ್ತಿದ್ದ ಆ ಮಾತನ್ನು ಈಗ ಅವರು ನೆಲ ನೋಡಿಕೊಂಡು ಹೇಳುತ್ತಿದ್ದರು. ಒಂದು ವರ್ಷ, ಅವರ ಉಸಿರಾಟದ ತೊಂದರೆ ಹೆಚ್ಚಾಗಿ ಮಾತಿಗೂ ಏದುಸಿರು ಬರುತ್ತಿದ್ದಾಗ, ನನಗೆ ತಡೆಯಲಾಗಲಿಲ್ಲ. "ಬಂದಿದೆ ಸರ್, ಒಂದು ಪುಟ್ಟದು ನೋಡ್ದೆ," ಎಂದುಬಿಟ್ಟೆ. ಮೇಷ್ಟ್ರು ನನ್ನನ್ನೇ ನೋಡಿ ನಕ್ಕರು. "ಯಾವ ಬಿರುಕಲ್ಲಿ ಮಾರಾಯ್ತಿ?" ಎಂದರು. ನಾನು ಕಾಫಿ ಲೋಟದತ್ತ ಕಣ್ಣಿಳಿಸಿದೆ. "ಸುಳ್ಳು ನಿನಗೆ ಒಗ್ಗಲ್ಲ, ಬಿಡು. ಕಾಫಿ ಆರೋಗುತ್ತೆ ಕುಡಿ," ಎಂದರು.

ಅದರ ಮರುವರ್ಷ ನಾನು ಅವರ ಮನೆಗೆ ಹೋಗಲಿಲ್ಲ. ಬಂಡೆಯಲ್ಲಿ ಏನೂ ಇರಲಿಲ್ಲ. ಮತ್ತೆ ಇಲ್ಲ ಎನ್ನಲು ಮನಸ್ಸಾಗಲಿಲ್ಲ, ಇದೆ ಎನ್ನಲು ಮುಖವಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಮಳೆಗಾಲ ಬಂತು. ಒಂದು ಬೆಳಿಗ್ಗೆ ಅವರ ಮನೆಯಿಂದ ಫೋನು ಬಂತು. ಹೋಗುವಷ್ಟರಲ್ಲಿ ವಿಭೂತಿ ಹಚ್ಚಿ, ಹಾರ ಹಾಕಿ, ಜಗಲಿಯಲ್ಲಿ ಅದೇ ಕುರ್ಚಿಯಲ್ಲಿ ಕೂರಿಸಿದ್ದರು. ಬಲಗೈ ತೊಡೆಯ ಮೇಲಿತ್ತು. ನುಣ್ಣನೆಯ ಬಿಳಿ ಹೆಬ್ಬೆರಳು. ಪಾದ ಮುಟ್ಟಿ ನಮಸ್ಕಾರ ಮಾಡಿದೆ. ಅಮ್ಮ ನನ್ನ ಕೈ ಹಿಡಿದುಕೊಂಡು, "ಮೊನ್ನೆಯೂ ಕೇಳಿದ್ರು ಕಣಮ್ಮ, ಅವಳು ಸಮುದ್ರಕ್ಕೆ ಹೋಗಿ ಬಂದ್ಲಂತಾ ಅಂತ," ಎಂದರು. ಅಲ್ಲಿದ್ದವರೆಲ್ಲ ಅಳುತ್ತಿದ್ದರು, ನನಗೆ ಅಳುವಷ್ಟು ಮರ್ಯಾದೆಯೂ ಉಳಿದಿಲ್ಲ ಅನ್ನಿಸಿತು.

ಕಳೆದ ಪ್ರವಾಸದಲ್ಲಿ ಹುಡುಗರನ್ನು ಬಂಡೆಯ ಮೇಲೆ ಕೂರಿಸಿ, ಕೈ ಇಡಿಸಿ, ಒಂದು ಗುಟುಕು ಸಮುದ್ರದ ಪಾಠ ಹೇಳಿ ಮುಗಿಸಿದೆ. ಅವರು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಅಭ್ಯಾಸಬಲದಿಂದ ನೀರಿನ ಅಂಚಿನ ಬಿರುಕುಗಳಲ್ಲಿ ಇಣುಕುತ್ತ ಹೋದೆ. ಒಂದರ ಒಳಗೆ, ನೆರಳಲ್ಲಿ, ಅಡಿಕೆಯಷ್ಟು ಗಾತ್ರದ ಕರಿ ಉಂಡೆ. ಮೊದಲು ನಂಬಿಕೆ ಬರಲಿಲ್ಲ. ಬಗ್ಗಿದೆ. ಮುಳ್ಳುಗಳು ಒಂದೊಂದಾಗಿ ಅಲ್ಲಾಡುತ್ತಿದ್ದವು.

ಬಂತು ಸರ್, ಬಂತು, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳುತ್ತಲೇ ನನ್ನ ಕೈ ಬಿರುಕಿನೊಳಗೆ ಹೋಗಿತ್ತು. ಹೆಬ್ಬೆರಳು ಅದರ ಬುಡ ಹುಡುಕುತ್ತಿತ್ತು, ಮೀಟಲಿಕ್ಕೆ. ಇನ್ನೊಂದು ಕೈ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿತ್ತು. ಅಮ್ಮನಿಗೆ ತೋರಿಸಬೇಕು, ಮೇಷ್ಟ್ರ ಫೋಟೋದ ಮುಂದೆ ಇಡಬೇಕು. ಮುಳ್ಳು ಚುಚ್ಚಿದ ಮೇಲೆಯೇ ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿದದ್ದು. ಕೈ ಎಳೆದುಕೊಂಡೆ. ಹುಡುಗರಲ್ಲಿ ಯಾರಾದರೂ ನೋಡಿದರೇ ಎಂದು ತಿರುಗಿದೆ, ಯಾರೂ ನೋಡಿರಲಿಲ್ಲ. ಅದರಿಂದ ನಾಚಿಕೆ ಕಡಿಮೆಯೇನೂ ಆಗಲಿಲ್ಲ.

ಹೆಬ್ಬೆರಳಲ್ಲಿ ರಕ್ತದ ಸಣ್ಣ ಹನಿ ನಿಂತಿತ್ತು. ಅದನ್ನು ಸೆರಗಿಗೆ ಒರೆಸಿ, ಆ ಬಿರುಕಿಗೆ ಬೆನ್ನು ಕೊಟ್ಟು, ಅದು ಯಾರಿಗೂ ಕಾಣದ ಹಾಗೆ ಅಲ್ಲೇ ಕೂತೆ. ಅಲೆಯೊಂದು ಬಂದು ಪಾದ ಮುಟ್ಟಿತು. ಇನ್ನೊಂದು ಬಂದು ಬಿರುಕನ್ನು ಮುಚ್ಚಿತು.

"ಏಳ್ರಪ್ಪ," ಎಂದು ಹುಡುಗರನ್ನು ಕೂಗಿದೆ. "ಹೊರಡೋಣ, ನೀರು ಬಂತು."